ಕುಡಿತ ಬಿಟ್ಟವನಿಗೆ ಜೊತೆ ಯಾರು?



ಮನೆಯಲ್ಲಿ ಕುಡಿಯುವವರೊಬ್ಬರಿದ್ದರೆ ಅವರಿಂದ ಆಣೆ ಮಾಡಿಸಿದ ನೆನಪು ನಿಮಗೆ ಇದ್ದೇ ಇರುತ್ತದೆ. ಶಿಲುಬೆ ಮುಟ್ಟಿಸಿ, ಮಗುವಿನ ತಲೆಯ ಮೇಲೆ ಕೈ ಇಡಿಸಿ, ಇಲ್ಲವೆ ತಪಸ್ಸುಕಾಲದ ಮೊದಲ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಸಂಜೆ. ಆಣೆ ಮಾಡುವಾಗ ಆತನ ಕಣ್ಣಲ್ಲಿ ನೀರು ಬಂದದ್ದೂ ನಿಜ. ಆ ಕಣ್ಣೀರು ನಾಟಕವಲ್ಲ. ಆದರೂ ಎಂಟು ದಿನಕ್ಕೋ, ತಿಂಗಳಿಗೋ, ಕಬ್ಬಿನ ಬಿಲ್ಲು ಕೈಗೆ ಬಂದ ಸಂಜೆಗೋ ಆ ಆಣೆ ಮುರಿಯುತ್ತದೆ. ಆಗ ನಾವು ಏನನ್ನುತ್ತೇವೆ? "ದೇವರ ಆಣೆಗೇ ಬೆಲೆ ಕೊಡದವನು ನಮ್ಮ ಮಾತಿಗೆ ಕೊಟ್ಟಾನೆಯೇ?"

ನಾನೂ ಹಾಗೆ ಅಂದಿದ್ದೇನೆ, ನನ್ನ ಒಡಹುಟ್ಟಿದ ಅಣ್ಣನಿಗೆ. ಆತ ಗಿರಣಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ರವಿವಾರದ ಪೂಜೆ ತಪ್ಪಿಸಿದವನಲ್ಲ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾಲ್ಕು ಸಲ ಆಣೆ ಮಾಡಿದ, ನಾಲ್ಕೂ ಸಲ ಮುರಿದ. ಆತ ತೀರಿಹೋಗಿ ವರ್ಷಗಳಾದವು. ಅವನ ವಿಷಯ ಬರೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಎಷ್ಟೋ ಮನೆಗಳಲ್ಲಿ ಇದೇ ಕಥೆ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ಕುಡಿತ ಬಿಡಲು ಮನಸ್ಸು ಮಾಡಿದವನು ಆ ಮನಸ್ಸನ್ನು ಯಾರ ನಡುವೆ ಕಾಪಾಡಿಕೊಳ್ಳಬೇಕು? ದೇವರೊಬ್ಬನು ಸಾಲದೇ? ಮನೆಯವರು ಸಾಲದೇ? ಗುರುತಿಲ್ಲದ ನಾಲ್ಕು ಜನರ ಮುಂದೆ ಮನೆತನದ ಮಾನವನ್ನು ಬಿಚ್ಚಿಡುವುದು ಸರಿಯೇ?

ಕುಡಿತ ಪಾಪವೋ ರೋಗವೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಅಮೆರಿಕದ ವೈದ್ಯರ ಸಂಘ 1956ರಲ್ಲಿಯೇ ಇದನ್ನು ವೈದ್ಯರು ನೋಡಿಕೊಳ್ಳಬೇಕಾದ ಕಾಯಿಲೆ ಎಂದು ಒಪ್ಪಿತು. 1992ರಲ್ಲಿ ಪ್ರಕಟವಾದ ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಿತಿಮೀರಿದ ಕುಡಿತವನ್ನು ತಪ್ಪೆಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಗ್ರಂಥ ಇನ್ನೊಂದು ಕಡೆ, ಭಯ, ಅಜ್ಞಾನ, ಬೇರೂರಿದ ಅಭ್ಯಾಸ ಇವೆಲ್ಲ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದೂ ಕಲಿಸುತ್ತದೆ. ಈ ಎರಡು ಮಾತುಗಳ ನಡುವೆ ನನಗೆ ವಿರೋಧ ಕಾಣುವುದಿಲ್ಲ. ಮೊದಲ ಗುಟುಕಿಗೆ ಒಬ್ಬ ಎಷ್ಟು ಹೊಣೆಯೋ ಹತ್ತು ಸಾವಿರದ ಗುಟುಕಿಗೂ ಅಷ್ಟೇ ಹೊಣೆ ಎಂದು ಹೇಳುವವರು ಕುಡುಕನ ಪಕ್ಕದಲ್ಲಿ ಒಂದು ರಾತ್ರಿಯೂ ಕೂತವರಲ್ಲ. ನಿಜ ಹೇಳಬೇಕೆಂದರೆ ಈ ಚರ್ಚೆ ಮಾಡುವವರೆಲ್ಲ ದಡದಲ್ಲಿ ನಿಂತವರು. ಮುಳುಗುತ್ತಿರುವವನ ಪ್ರಶ್ನೆ ಬೇರೆ: "ಇವತ್ತಿನ ಸಂಜೆ ಹೇಗೆ ಕಳೆಯಲಿ?"

ಆ ಸಂಜೆಗೆ ಪಾಪನಿವೇದನೆಯ ಉತ್ತರ ಸಾಕೇ? ಪಾಪನಿವೇದನೆ ಕ್ಷಮೆಯನ್ನು ಕೊಡುತ್ತದೆ, ಪೂರ್ತಿಯಾಗಿ ಕೊಡುತ್ತದೆ. ಅದರಲ್ಲಿ ಸಂದೇಹವಿಲ್ಲ. ಆದರೆ ಸಂಜೆ ಆರು ಗಂಟೆಗೆ ಕೈ ನಡುಗಿಸುವ ದೇಹದ ಹಸಿವು ಕ್ಷಮೆಯಿಂದ ಮಾಯವಾಗುವುದಿಲ್ಲ. ಧರ್ಮಗುರುಗಳು ಅವನ ಜೊತೆ ಮನೆಯವರೆಗೆ ನಡೆದು ಬರಲಾರರು, ದಾರಿಯಲ್ಲಿ ಅಂಗಡಿ ಇದೆ.

ದೇಹದ ಮಾತು ಬಂದಿತು. ಮುಂದೆ ಹೋಗುವ ಮೊದಲು ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿರಿ. ಅಣ್ಣ ಎರಡನೆಯ ಸಲ ಬಿಟ್ಟಾಗ ನಾವು ಅವನನ್ನು ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದೆವು. ಮೂರನೆಯ ದಿನ ಗೋಡೆಯ ತುಂಬ ಹುಳು ಹರಿದಾಡುತ್ತಿವೆ ಎಂದು ಕೂಗತೊಡಗಿದ. ಬೆವರು, ಜ್ವರ, ಯಾರ ಗುರುತೂ ಇಲ್ಲ. ನಮ್ಮ ಅವ್ವ ಸೈತಾನನ ಕಾಟವೆಂದು ತೀರ್ಥ ಚಿಮುಕಿಸಿದಳು, ನಾನು ಜಪಸರ ಹಿಡಿದು ಕೂತೆ. ಆಮೇಲೆ ಅವನಿಗೆ ಸೆಳೆತ ಬಂತು. ಹಲ್ಲು ಕಚ್ಚಿ ಬಾಯಲ್ಲಿ ರಕ್ತ ಬಂದಾಗ ಆಸ್ಪತ್ರೆಗೆ ಓಡಿದೆವು. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಹೀಗೆ ಆಗಬಹುದು, ಪ್ರಾಣವೂ ಹೋಗಬಹುದು ಎಂದು ವೈದ್ಯರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಆದ್ದರಿಂದ ಮೊದಲ ಹೆಜ್ಜೆ ಯಾವ ಸಂಘವೂ ಅಲ್ಲ, ಆಸ್ಪತ್ರೆ. ಸರ್ಕಾರಿ ಆಸ್ಪತ್ರೆ ಆಗಬಹುದು, ಧಾರವಾಡದ ಡಿಮ್ಹಾನ್ಸ್ ಆಗಬಹುದು. ಇನ್ನೊಂದು ಮಾತು. ಕುಡುಕನಿಗೆ ಗೊತ್ತಾಗದಂತೆ ಸಾರಿನಲ್ಲಿ ಪುಡಿ ಕಲಸಿ ಕೊಡುವವರು ನಮ್ಮ ಕಡೆ ಇದ್ದಾರೆ. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವನು ಅದರ ಮೇಲೆ ಕುಡಿದರೆ ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದ ಒತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ರೋಗಿಗೆ ತಿಳಿಸಿ, ಅವನ ಒಪ್ಪಿಗೆಯ ಮೇಲೆಯೇ ಕೊಡುವ ಔಷಧಿ ಅದು. ಅದಿರಲಿ, ಸುಳ್ಳನ್ನು ಬಿಡಿಸಲು ಸುಳ್ಳನ್ನೇ ಉಣಿಸುವುದು ಕ್ರೈಸ್ತ ಮನೆಗೆ ಒಪ್ಪುವ ಮಾತೇ?

ಆಸ್ಪತ್ರೆಯಿಂದ ಹೊರಬಂದವನಿಗೆ ಮುಂದೇನು? ಇಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತದೆ.

ಮಾರ್ಕನ ಶುಭಸಂದೇಶದಲ್ಲಿ ಕಫೆರ್ನೌಮಿನ ಪಾರ್ಶ್ವವಾಯು ರೋಗಿಯ ಕಥೆ ನಿಮಗೆ ಗೊತ್ತು. ನಾಲ್ವರು ಅವನನ್ನು ಹೊತ್ತು ತಂದರು, ಬಾಗಿಲಲ್ಲಿ ದಾರಿ ಇರಲಿಲ್ಲ, ಛಾವಣಿ ಬಿಚ್ಚಿ ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸುಸ್ವಾಮಿ ನೋಡಿದ್ದು ಆ ಹೊತ್ತು ತಂದವರ ವಿಶ್ವಾಸವನ್ನು. ಈ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಬಾಗಿಲಿಗೆ ಅಡ್ಡ ನಿಂತವರು ಯಾರು ಎಂದು ಯೋಚಿಸಿದ್ದು ಅಣ್ಣ ಹೋದ ಮೇಲೆ. ಅವರೂ ಯೇಸುವಿನ ಉಪದೇಶ ಕೇಳಲು ಬಂದ ಭಕ್ತರೇ. ಕೆಟ್ಟವರಲ್ಲ. ಆದರೂ ಅವರ ಬೆನ್ನೇ ಆ ರೋಗಿಗೆ ಗೋಡೆಯಾಗಿತ್ತು.

ಹೊರುವ ಆ ನಾಲ್ವರು ಯಾರಾಗಬೇಕು? ಮನೆಯವರೇ ಆಗಬಹುದಲ್ಲ ಎಂದು ನೀವು ಕೇಳಬಹುದು. ಮನೆಯವರು ಅವನಿಂದ ಗಾಯಗೊಂಡವರು. ಹೆಂಡತಿಯ ಮುಂದೆ ಅವನು ಬಾಯಿ ತೆರೆದರೆ ಅದು ಕ್ಷಮಾಪಣೆಯಾಗುತ್ತದೆ, ಇಲ್ಲವೆ ಜಗಳವಾಗುತ್ತದೆ. "ಈಗಲೂ ಕುಡಿಯಬೇಕೆನಿಸುತ್ತಿದೆ" ಎಂಬ ಸರಳ ಸತ್ಯವನ್ನು ಅವಳಿಗೆ ಹೇಳಿದರೆ ಅವಳ ಎದೆ ಒಡೆಯುತ್ತದೆ. ಹಾಗಾಗಿ ಹೇಳುವುದಿಲ್ಲ. ಹೇಳದೆ ಉಳಿದದ್ದೇ ಕೊನೆಗೆ ಅವನನ್ನು ಅಂಗಡಿಗೆ ಕರೆದೊಯ್ಯುತ್ತದೆ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬಾತ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯಾಪಾರ ಕೆಟ್ಟಿತ್ತು. ಒಂದು ಪಕ್ಕದಲ್ಲಿ ಮದ್ಯದ ಕೋಣೆ, ಅಲ್ಲಿಂದ ನಗುವಿನ ಸದ್ದು. ಇನ್ನೊಂದು ಪಕ್ಕದಲ್ಲಿ ಫೋನು, ಊರಿನ ಚರ್ಚುಗಳ ಪಟ್ಟಿ. ಆತ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನು ಮಾಡಿದ. ನನಗಾಗಿ ಪ್ರಾರ್ಥಿಸಿರಿ ಎಂದು ಕೇಳಲಿಲ್ಲ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ! ಹೀಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಒಬ್ಬರನ್ನೊಬ್ಬರು ಹಿಡಿದುಕೊಂಡು ಇಬ್ಬರೂ ಉಳಿದರು. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂಬ ಬಳಗ ಹುಟ್ಟಿದ್ದು ಹೀಗೆ. ಭಾರತದಲ್ಲಿ ಅದು ಬೇರೂರಿದ್ದು 1957ರಿಂದ.

ಇದು ನಮ್ಮದಲ್ಲದ ಪಂಥವೇನೋ ಎಂಬ ಅನುಮಾನ ಕೆಲವರಿಗಿದೆ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಆದರೆ ಅದರ ಎಳೆಯ ದಿನಗಳಲ್ಲಿ ಅದನ್ನು ಎತ್ತಿ ಆಡಿಸಿದವರಲ್ಲಿ ನಮ್ಮವರೂ ಇದ್ದರು. ಆಕ್ರನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ 1939ರಿಂದ ಡಾಕ್ಟರ್ ಬಾಬ್ ಜೊತೆ ಕುಡುಕರಿಗೆ ಹಾಸಿಗೆ ಕೊಟ್ಟು ಆರೈಕೆ ಮಾಡಿದ ಸಿಸ್ಟರ್ ಇಗ್ನೇಷಿಯಾ ಕಥೋಲಿಕ ಧರ್ಮಭಗಿನಿ. ಗುಣವಾಗಿ ಮನೆಗೆ ಹೊರಟವರ ಕೈಯಲ್ಲಿ ಅವರು ಯೇಸುವಿನ ಪವಿತ್ರ ಹೃದಯದ ಚಿಕ್ಕ ಬಿಲ್ಲೆ ಇಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಕುಡಿಯುವ ಮೊದಲು ಬಂದು ಇದನ್ನು ನನ್ನ ಕೈಗೆ ವಾಪಸು ಕೊಡಬೇಕು ಎಂಬುದೊಂದೇ ಕರಾರು. ನೋಡಿ, ನಾವು ಮಾಡಿಸಿದ ಆಣೆಗೂ ಈ ಕರಾರಿಗೂ ಎಷ್ಟು ಅಂತರ! ಆಣೆ ಮುರಿದವನು ಮುಖ ಮರೆಸಿಕೊಂಡು ಓಡುತ್ತಾನೆ. ಈ ಕರಾರಿನಲ್ಲಿ ಬೀಳುವ ಮೊದಲೇ ಒಬ್ಬರ ಬಾಗಿಲು ತಟ್ಟಬೇಕು.

ಡಬ್ಲಿನ್ನಿನ ಕೂಲಿಕಾರ, ಪೂಜ್ಯ ಮ್ಯಾಟ್ ಟಾಲ್ಬಟ್ ಬರೀ ಪ್ರಾರ್ಥನೆಯಿಂದ ಬಿಡಲಿಲ್ಲವೇ ಎಂದು ಕೇಳುವವರಿದ್ದಾರೆ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದ ಆತ 1884ರಲ್ಲಿ ಬಿಟ್ಟವನು 1925ರಲ್ಲಿ ಸಾಯುವವರೆಗೆ ಮುಟ್ಟಲಿಲ್ಲ. 1975ರಲ್ಲಿ ಧರ್ಮಸಭೆ ಆತನನ್ನು ಪೂಜ್ಯನೆಂದು ಸಾರಿತು. ಅವನ ಪ್ರಾರ್ಥನೆ ದೊಡ್ಡದು. ಆದರೆ ಆತ ಒಬ್ಬಂಟಿಯಾಗಿರಲಿಲ್ಲ. ಪ್ರತಿಜ್ಞೆ ಮಾಡಿದ್ದು ಧರ್ಮಗುರುಗಳ ಎದುರು, ಅದೂ ಮೊದಲು ಬರೀ ಮೂರು ತಿಂಗಳಿಗೆ. ಆಮೇಲೆ ಮಾರ್ಗದರ್ಶನ ಮಾಡುವ ಗುರುಗಳಿದ್ದರು, ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಬಳಗವಿತ್ತು. ಜೇಬಿನಲ್ಲಿ ಹಣ ಇಟ್ಟುಕೊಂಡು ಓಡಾಡುವುದನ್ನೂ ಬಿಟ್ಟಿದ್ದ. ಪ್ರಾರ್ಥಿಸುವವನು ಜಾಣನಾಗಿರಬಾರದೆಂದು ಯಾರು ಹೇಳಿದರು?

ಇನ್ನು ನಮ್ಮ ನೆಲಕ್ಕೆ ಬರೋಣ. ಘಟಪ್ರಭೆಯ ನೀರು ಹರಿಯುವ ಕಡೆಯೆಲ್ಲ ಕಬ್ಬು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ. ಹಂಗಾಮಿನಲ್ಲಿ ಗದ್ದೆಯಿಂದ ಹೊರಟ ಕಬ್ಬು ಬಾಟಲಿಯಾಗಿ ಊರಿಗೆ ಮರಳುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪಾಕೀಟು ಹೋಯಿತು, ಬಾಯಾರಿಕೆ ಹೋಗಲಿಲ್ಲ. ಗೋಕಾಕದಿಂದ ಬೆಳಗಾವಿಗೆ 60 ಕಿ.ಮೀ.ಗೂ ಹೆಚ್ಚು. ಮೂಡಲಗಿಯವರಿಗೆ ಇನ್ನೂ ದೂರ. ಕೂಲಿ ಬಿಟ್ಟು ವಾರಕ್ಕೊಮ್ಮೆ ಹೋಗಿ ಬರುವುದು ಸುಲಭವಲ್ಲ. ಹಾಗಾದರೆ ಹತ್ತಿರದಲ್ಲಿ ಏನು ಸಿಗುತ್ತದೆ?

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಹಳ್ಳಿ ಪಟ್ಟಣಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಕುಡಿತ ಬಿಟ್ಟವರು ವಾರದವರೆಗೆ ಒಂದೇ ಸೂರಿನಡಿ ಉಂಡು ಮಲಗಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಕೂಡುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಇನ್ನೊಂದು, ನಮ್ಮ ಉತ್ತರ ಕರ್ನಾಟಕದ್ದೇ ಮಾತು: ಇಳಕಲ್ಲಿನ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಡಿ ಬೇಡ, ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಕಥೋಲಿಕನೊಬ್ಬ ಆ ಶಿಬಿರದಲ್ಲಿ ಕೂಡಬಹುದೇ? ಆ ಜೋಳಿಗೆಗೆ ತನ್ನ ಬಾಟಲಿ ಹಾಕಬಹುದೇ? ಅಲ್ಲಿ ಭಜನೆ ಇರುತ್ತದೆ, ಪೂಜೆ ಇರುತ್ತದೆ ಎಂದು ನಮ್ಮ ಹಿರಿಯರು ಅಳುಕುತ್ತಾರೆ. ಅಳುಕಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅನ್ಯ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಹೇಳಿದೆ. ಹೋಗುವವನು ಮೊದಲೇ ನಡೆಸುವವರಿಗೆ ತಾನು ಕ್ರೈಸ್ತನೆಂದು ಹೇಳಲಿ. ಆರತಿಯ ಹೊತ್ತಿಗೆ ಸುಮ್ಮನೆ ಕೂತು ಮನಸ್ಸಿನಲ್ಲಿ ತನ್ನ ಪ್ರಾರ್ಥನೆ ಹೇಳಿಕೊಳ್ಳಲಿ. ಯೆರಿಕೋ ದಾರಿಯಲ್ಲಿ ಬಿದ್ದವನು ಎಣ್ಣೆ ಹಚ್ಚಲು ಬಂದವನ ಜಾತಿ ಕೇಳಲಿಲ್ಲ. ನೀನು ನಮ್ಮ ದೇವರಿಗೆ ನಡೆದುಕೊಂಡರೆ ಮಾತ್ರ ಗುಣವಾಗುತ್ತೀ ಎಂದು ಯಾರಾದರೂ ಷರತ್ತು ಹಾಕಿದರೆ ಆಗ ಎದ್ದು ಬರಬೇಕು. ಈ ಮಾತು ನಮ್ಮವರೇ ನಡೆಸುವ ಪ್ರಾರ್ಥನಾ ಕೂಟಗಳಿಗೂ ಸಲ್ಲುತ್ತದೆ. ಮಾತ್ರೆ ಎಸೆದುಬಿಡು, ವಿಶ್ವಾಸವಿದ್ದರೆ ಸಾಕು ಎನ್ನುವ ಕೂಟ ಯಾರದೇ ಆಗಿರಲಿ, ಅಲ್ಲಿಗೆ ಹೋಗಬೇಡಿರಿ.

ಒಳ್ಳೆಯ ಬಳಗವನ್ನು ಗುರುತಿಸುವುದು ಹೇಗೆ? ಒಂದೆರಡು ಸಲ ಹೋಗಿ ಕೂತು ನೋಡಬೇಕು. ಅಲ್ಲಿ ಮಾತಾಡುವವರು ಯಾರು ಎಂದು ಗಮನಿಸಬೇಕು. ಕುಡಿಯದ ಒಬ್ಬ ದೊಡ್ಡ ಮನುಷ್ಯ ಎದ್ದು ಉಪದೇಶ ಮಾಡಿ, ಮಿಕ್ಕವರು ತಲೆ ತಗ್ಗಿಸಿ ಕೇಳುವ ಕಡೆ ಗುಣವಾಗುವುದು ಕಷ್ಟ. ಹತ್ತು ವರ್ಷ ಬಿಟ್ಟವನೂ ಹತ್ತು ದಿನ ಬಿಟ್ಟವನೂ ಒಂದೇ ಚಾಪೆಯ ಮೇಲೆ ಕೂತಿರಬೇಕು. ಎ.ಎ. ಸಭೆಗಳಲ್ಲಿ ಫೀಜಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಖರ್ಚಿಗೆ ಅವರವರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಒಳಗೆ ಆಡಿದ ಮಾತು ಹೊರಗೆ ಹೋಗದಿರುವುದು ಬಹಳ ದೊಡ್ಡದು, ನಮ್ಮಂಥ ಸಣ್ಣ ಊರಿನಲ್ಲಂತೂ. ಭಾಷೆಯನ್ನೂ ನೋಡಿರಿ. ಹುಕ್ಕೇರಿ, ಸಂಕೇಶ್ವರದ ಕಡೆ ಮನೆಯಲ್ಲಿ ಮರಾಠಿ, ಚರ್ಚಿನಲ್ಲಿ ಕನ್ನಡ ಎಂಬವರಿದ್ದಾರೆ. ಮನುಷ್ಯ ತಾನು ಅಳುವ ಭಾಷೆಯಲ್ಲಿಯೇ ಮಾತಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಿದ್ದವನು ಮರುವಾರ ಬಂದಾಗ ಅವರು ಏನು ಮಾಡುತ್ತಾರೆ? ಚಹಾ ಕೊಟ್ಟು ಕೂರಿಸಿದರೆ ಆ ಬಳಗವನ್ನು ಬಿಡಬೇಡಿರಿ.

ಬಳಗವೇ ಇಲ್ಲದ ಊರಿನವರು? ಎ.ಎ.ಯ ಹಳೆಯ ನಿಯಮವೊಂದರ ಪ್ರಕಾರ ಕುಡಿತ ಬಿಡುವುದಕ್ಕಾಗಿ ಇಬ್ಬರೋ ಮೂವರೋ ಕೂಡಿದರೆ ಅದೇ ಒಂದು ಬಳಗ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುವೆನೆಂದ ಸ್ವಾಮಿಯ ಮಕ್ಕಳಾದ ನಮಗೆ ಈ ಲೆಕ್ಕ ಹೊಸದಲ್ಲ. ಮೂಡಲಗಿಯಲ್ಲಿ ಇಬ್ಬರು ಸಿಗಲಾರರೇ? 2020ರ ಕೊರೋನಾ ದಿನಗಳ ನಂತರ ಫೋನಿನಲ್ಲೇ ಕೂಡುವ ಸಭೆಗಳೂ ರೂಢಿಯಾಗಿವೆ. ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ ಸರ್ಕಾರದ 14446 ವ್ಯಸನಮುಕ್ತಿಯ ಸಹಾಯವಾಣಿ, 14416 ಮನಸ್ಸಿನ ಆರೋಗ್ಯದ್ದು. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಹೆಂಡತಿ ಮಕ್ಕಳಿಗೂ ಬೇರೆ ಬಳಗ ಬೇಕು. 1951ರಲ್ಲಿ ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಮತ್ತು ಆಕೆಯ ಗೆಳತಿ ಸೇರಿ ಅಲ್-ಅನಾನ್ ಎಂಬುದನ್ನು ಕಟ್ಟಿದ್ದು ಇದಕ್ಕೇ. ಗಂಡ ಬಿಟ್ಟ ಮೇಲೂ ಅವನ ಜೇಬು ಮೂಸಿ ನೋಡುವ ಹೆಂಡತಿಯ ನಿದ್ದೆಗೆಟ್ಟ ರಾತ್ರಿಗಳನ್ನು ಇನ್ನೊಬ್ಬ ಕುಡುಕನ ಹೆಂಡತಿಯೇ ಅರಿತಾಳು.

ನಮ್ಮ ಧರ್ಮಕೇಂದ್ರಗಳ ಬಗ್ಗೆಯೂ ಒಂದು ಮಾತು. ಮದುವೆ, ನಾಮಕರಣ, ಹಬ್ಬ ಎಂದರೆ ಬಾಟಲಿ ಇಲ್ಲದಿದ್ದರೆ ಬೀಗರಿಗೆ ಅವಮಾನ ಎನ್ನುವವರು ನಾವೇ. ಬಿಟ್ಟವನ ಕೈಗೆ "ಇವತ್ತೊಂದು ದಿನ, ಹಬ್ಬ ಅಲ್ಲೇನೋ" ಎಂದು ಗ್ಲಾಸು ಕೊಡುವವರೂ ನಾವೇ. ಕ್ರಿಸ್ಮಸ್ಸಿನ ಮನೆಯ ದ್ರಾಕ್ಷಾರಸವೂ ಅವನಿಗೆ ವಿಷ. ಪೂಜೆಯಲ್ಲಿ ರೊಟ್ಟಿಯ ರೂಪದಲ್ಲಿ ಮಾತ್ರ ಪರಮ ಪ್ರಸಾದ ಸ್ವೀಕರಿಸಿದವನೂ ಪೂರ್ಣ ಕ್ರಿಸ್ತನನ್ನೇ ಸ್ವೀಕರಿಸುತ್ತಾನೆ. ಈ ಕಷ್ಟವಿರುವ ಗುರುಗಳಿಗೆ ಹುಳಿಯದ ದ್ರಾಕ್ಷಿ ರಸವನ್ನು ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಲು ರೋಮ್ 2003ರ ಪತ್ರದಲ್ಲಿ ದಾರಿ ತೋರಿಸಿದೆ. ಬಲಿಪೀಠದಲ್ಲೇ ಇಷ್ಟು ಮರುಕವಿರುವಾಗ ಮದುವೆಯ ಚಪ್ಪರದಲ್ಲಿ ಇರಬಾರದೇ? ಇನ್ನು ಆಡಿಕೊಳ್ಳುವ ನಾಲಿಗೆಗಳ ವಿಷಯ. ಅದನ್ನು ನನ್ನಿಂದಲೇ ಶುರು ಮಾಡುತ್ತೇನೆ.

ಅಣ್ಣ ನಾಲ್ಕನೆಯ ಆಣೆ ಮುರಿದ ಮೇಲೆ, ಯಾರೋ ಹೇಳಿದರೆಂದು ದೂರದ ಪಟ್ಟಣದಲ್ಲಿ ನಡೆಯುವ ಒಂದು ಸಭೆಗೆ ಒಬ್ಬನೇ ಹೋಗಿ ಬಂದ. ರಾತ್ರಿ ಕಟ್ಟೆಯ ಮೇಲೆ ಕೂತು ಹೇಳಿದ: "ಅಲ್ಲಿ ಯಾರೂ ನನಗ ಬುದ್ಧಿ ಹೇಳಲಿಲ್ಲ ತಂಗಿ. ಒಬ್ಬಾವ ತಾನು ಹೇಂತಿ ತಾಳಿ ಮಾರಿ ಕುಡದದ್ದು ಹೇಳಿದ. ಎಲ್ಲಾರೂ ಸುಮ್ಮನ ಕೇಳಿದ್ರು. ಮುಂದಿನ ಶನಿವಾರ ನೀನೂ ಬರ್ತೀಯೇನ? ಒಬ್ಬನ ಹೋಗಾಕ ಕಾಲ ಏಳವಲ್ದು."

ನಾನು ಹೇಳಿದ್ದು ಇದು: "ಯಾರರ ನೋಡಿದ್ರ ಏನಂದಾರು ಅಣ್ಣಾ? ಫಾದರ್ ಹತ್ರ ಹೋಗಿ ಪಾಪನಿವೇದನಿ ಮಾಡು, ಸಾಕು."

ಆತ ಮತ್ತೆ ಕೇಳಲಿಲ್ಲ. ಮತ್ತೆ ಹೋಗಲೂ ಇಲ್ಲ.

ಈಗ ಎರಡು ವರ್ಷದಿಂದ ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳ ಗಂಡ ಅಂಥದೇ ಒಂದು ಸಭೆಗೆ ಹೋಗುತ್ತಾನೆ. ಒಬ್ಬಳೇ ಅವನ ಜೊತೆ ಬಸ್ಸಿನಲ್ಲಿ ಹೋಗಲು ಅವಳಿಗೆ ನಾಚಿಕೆ. ಹಾಗಾಗಿ ಶನಿವಾರ ನಾನೂ ಹೊರಡುತ್ತೇನೆ. ಆತ ಒಳಗೆ ಕೂತಿರುವ ಒಂದೂವರೆ ಗಂಟೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಶೇಂಗಾ ಬಿಡಿಸುತ್ತ ಕೂಡುತ್ತೇವೆ.